ಘಟ್ಟ ಹತ್ತಿದ ಸೈಕಲ್ಲು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಬೆಟ್ಟ ನುಣ್ಣಗಿರುವುದಕ್ಕೆ ಕಾರಣ ಬೆಟ್ಟವಲ್ಲ, ನೋಡುವವನು ನಿಂತಿರುವ ದೂರ ಎಂಬ ವಿವೇಕ ಅದರಲ್ಲಿ ಅಡಗಿದೆ. ಆದರೆ ಬೆಟ್ಟವನ್ನು ಹತ್ತಿ, ಅದರ ಕಲ್ಲಿನಲ್ಲಿ ಎಡವಿ, ಹಿಮದಲ್ಲಿ ಬಿದ್ದೆದ್ದು ಬಂದವನೇ ಮರುದಿನ ಅದು ನುಣ್ಣಗಿದೆಯೆಂದು ಸಾರಿದರೆ ಆ ವಿವೇಕಕ್ಕೆ ಏನು ಗತಿ? 1910ರಲ್ಲಿ ಫ್ರಾನ್ಸಿನಲ್ಲಿ ಹೀಗೆಯೇ ಆಯಿತು. ಅಲ್ಫೋನ್ಸ್ ಸ್ಟೈನೆಸ್ ಎಂಬ ಪತ್ರಕರ್ತ ಪಿರೆನೀಸ್ ಪರ್ವತಗಳ ಮಡಿಲಿನ ಒಂದು ಊರಿನಿಂದ ಪ್ಯಾರಿಸಿನಲ್ಲಿದ್ದ ತನ್ನ ಸಂಪಾದಕನಿಗೆ ಒಂದು ತಂತಿ ಕಳಿಸಿದ. ತೂರ್ಮಲೇ ಘಟ್ಟವನ್ನು ದಾಟಿದ್ದಾಯಿತು, ರಸ್ತೆ ಬಹಳ ಚೆನ್ನಾಗಿದೆ, ಧಾರಾಳವಾಗಿ ಸಂಚರಿಸಬಹುದು ಎಂಬುದು ಅದರ ತಾತ್ಪರ್ಯ. ಅಂದಿನಿಂದ ಇಂದಿನವರೆಗೆ ನಡೆದುಬಂದಿರುವ ಒಂದು ದೊಡ್ಡ ಕಥೆ ಈ ನಾಲ್ಕು ಮಾತಿನ ಸುಳ್ಳಿನಿಂದ ಹುಟ್ಟಿತು.

ಫ್ರಾನ್ಸ್ ಪ್ರದಕ್ಷಿಣೆಯ ಸೈಕಲ್ ಪಂದ್ಯ, ಎಂದರೆ 'ತೂರ್ ದ ಫ್ರಾನ್ಸ್', ಎಂಬ ಹೆಸರನ್ನು ಕ್ರೀಡೆಯ ಪುಟವನ್ನು ಮಗುಚಿಹಾಕುವವರೂ ಕೇಳಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಮೂರು ವಾರ ಅದು ನಡೆಯುತ್ತದೆ. ಅದು ಸೈಕಲ್ಲಿನವರ ಕೂಟವೊಂದರ ಉತ್ಸಾಹದಿಂದ ಹುಟ್ಟಿದ್ದಲ್ಲ, ಸರಕಾರದ ಆಶ್ರಯದಿಂದಲೂ ಹುಟ್ಟಿದ್ದಲ್ಲ. ಎರಡು ವೃತ್ತಪತ್ರಿಕೆಗಳ ಜಗಳದಿಂದ ಹುಟ್ಟಿದ್ದು. ಹಸಿರು ಕಾಗದದ ಮೇಲೆ ಅಚ್ಚಾಗುತ್ತಿದ್ದ 'ಲ ವೆಲೊ' ಎಂಬ ಕ್ರೀಡಾ ಪತ್ರಿಕೆಗೆ ಎದುರಾಳಿಯಾಗಿ 1900ರಲ್ಲಿ ಇನ್ನೊಂದು ಪತ್ರಿಕೆ ಹೊರಟಿತು. ಅದಕ್ಕೆ ಹಳದಿ ಕಾಗದ. ಈ ಹಳದಿ ಪತ್ರಿಕೆಯೇ 'ಲೋತೊ'. ಅದರ ಸಂಪಾದಕ ಅಂರಿ ದೆಗ್ರಾಂಜ್. ಪತ್ರಿಕೆ ನೆಲಕಚ್ಚುವ ಸ್ಥಿತಿಯಲ್ಲಿದ್ದಾಗ ಜಿಯೋ ಲೆಫೇವ್ರ್ ಎಂಬ ಎಳೆಯ ವರದಿಗಾರ, ದೇಶವನ್ನೇ ಸುತ್ತುವ ಪಂದ್ಯವೊಂದನ್ನು ಏರ್ಪಡಿಸೋಣವೆಂದು ಸೂಚಿಸಿದ. 1903ರ ಜುಲೈ 1ರಂದು ಅರವತ್ತು ಜನ ಸವಾರರು ಪ್ಯಾರಿಸಿನ ಹೊರವಲಯದಿಂದ ಹೊರಟರು. 2428 ಕಿಲೋಮೀಟರುಗಳನ್ನು ಆರು ಹಂತಗಳಲ್ಲಿ ಪೂರೈಸಿ ಮರಳಿದವರು 21 ಮಂದಿ. ಗೆದ್ದವನು ಮೋರಿಸ್ ಗಾರಾಂ; ಮೊದಲು ಹೊಗೆಗೂಡುಗಳನ್ನು ಗುಡಿಸುವ ಕೆಲಸ ಮಾಡಿದ್ದವನು. ಪಂದ್ಯದ ದಿನಗಳಲ್ಲಿ 'ಲೋತೊ'ದ ಪ್ರಸಾರ 25 ಸಾವಿರದಿಂದ 65 ಸಾವಿರಕ್ಕೆ ಏರಿತೆಂದು ಲೆಕ್ಕ. ಮರುವರ್ಷ ಹಸಿರು ಪತ್ರಿಕೆ ಕಣ್ಣುಮುಚ್ಚಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ಪಂದ್ಯದಲ್ಲಿ ಸವಾರನು ಪಡುವ ಪಾಡು ಮರುದಿನ ಬೆಳಗ್ಗೆ ಮಾರಾಟಕ್ಕಿರುವ ಸರಕು. ಅಂದು ಆಕಾಶವಾಣಿ ಇರಲಿಲ್ಲ. ಕಣ್ಣ ಮುಂದೆ ಒಂದು ಗಳಿಗೆ ಹಾದುಹೋಗುವ ಸವಾರರನ್ನು ಬಿಟ್ಟರೆ ಜನಕ್ಕೆ ಪಂದ್ಯ ಕಾಣುತ್ತಿದ್ದುದು ಪತ್ರಿಕೆಯ ಅಂಕಣಗಳಲ್ಲಿ ಮಾತ್ರ. ಕತೆ ರೋಚಕವಾದಷ್ಟೂ ಪ್ರಸಾರ ಹೆಚ್ಚು. ಸಮತಟ್ಟು ನೆಲದ ಕತೆ ಕೆಲವು ವರ್ಷಗಳಲ್ಲಿ ಹಳಸುತ್ತದೆ. ಆಗ ಬೆಟ್ಟಗಳ ಕಡೆ ಕಣ್ಣು ಹೋಗದೆ ಇರುತ್ತದೆಯೆ?

1905ರಲ್ಲಿ ಪೂರ್ವ ಗಡಿಯ ಬಾಲೋನ್ ದಾಲ್ಸಾಸ್ ಎಂಬ ಬೆಟ್ಟವನ್ನು ದಾರಿಯಲ್ಲಿ ಸೇರಿಸಿದರು. ಸೈಕಲ್ಲಿನಿಂದ ಇಳಿಯದೆ ಅದನ್ನು ಯಾರೂ ಹತ್ತಲಾರರೆಂದು ದೆಗ್ರಾಂಜನ ನಂಬಿಕೆಯಾಗಿತ್ತು. ರೆನೇ ಪೊತಿಯೇ ಎಂಬವನು ಅದನ್ನು ಹುಸಿಗೊಳಿಸಿದ. ಆದರೂ ಅದು ಸುಮಾರು 1200 ಮೀಟರಿನ ಬೆಟ್ಟ. ದಕ್ಷಿಣದ ಪಿರೆನೀಸಿನ ಮಾತೇ ಬೇರೆ. ಅಲ್ಲಿಯ ತೂರ್ಮಲೇ ಘಟ್ಟ 2115 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್ ಎಂದರೆ ಓದುಗರಿಗೆ ಅಂದಾಜು ಸಿಕ್ಕೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಸಿನೀರಿನ ಬುಗ್ಗೆಗಳ ಊರುಗಳನ್ನು ಕೂಡಿಸಲು ಹಾಕಿದ ರಸ್ತೆಗಳು ಅಲ್ಲಿದ್ದವು, ನಿಜ. ಆದರೆ ಮೇಲಕ್ಕೆ ಹೋದಂತೆ ಅವು ದನಗಾಹಿಗಳ ದಾರಿಯಂತಾಗುತ್ತಿದ್ದವು. ವರ್ಷದ ಬಹುಭಾಗ ಅವುಗಳ ಮೇಲೆ ಹಿಮ, ಕಾಡಿನಲ್ಲಿ ಕರಡಿ.

ಪಂದ್ಯವನ್ನು ಅಲ್ಲಿಗೆ ಒಯ್ಯಬೇಕೆಂದು ಹಟ ಹಿಡಿದವನು ಸ್ಟೈನೆಸ್. ದೆಗ್ರಾಂಜನಿಗೆ ಮನಸ್ಸಿರಲಿಲ್ಲ, ಹೋಗಿ ನೋಡಿ ಬಾ ಎಂದ. ಸ್ಟೈನೆಸ್ ಒಂದು ಮೋಟಾರನ್ನು ಬಾಡಿಗೆಗೆ ಪಡೆದು ತೂರ್ಮಲೇ ಹತ್ತಲು ಹೊರಟ. ಶಿಖರಕ್ಕೆ ಕೆಲವು ಕಿಲೋಮೀಟರುಗಳಿರುವಾಗ ಹಿಮ ದಾರಿಯನ್ನು ಮುಚ್ಚಿತ್ತು. ಮೋಟಾರಿನವನು ಮುಂದೆ ಬರಲೊಲ್ಲ. ಈತ ಕತ್ತಲಲ್ಲಿ ನಡೆದೇ ಹೊರಟ. ದಾರಿ ತಪ್ಪಿ, ಜಾರಿಬಿದ್ದು, ಸಾಯುವುದೊಂದು ಬಾಕಿಯೆಂಬಂತಾಗಿ, ರಾತ್ರಿ ಮೂರು ಗಂಟೆಯ ಹೊತ್ತಿಗೆ ಆಚೆ ಬದಿಯ ಬಾರೇಜ್ ಎಂಬ ಊರನ್ನು ತಲುಪಿದ. ಅಷ್ಟರಲ್ಲಿ ಜನ ಅವನನ್ನು ಹುಡುಕಲು ಹೊರಟಿದ್ದರು. ಬಿಸಿನೀರಿನ ಸ್ನಾನವಾಯಿತು, ಊಟವಾಯಿತು. ಆಮೇಲೆ ಕಳಿಸಿದ್ದು ಆ ತಂತಿ.

ಅವನೇಕೆ ಹಾಗೆ ಬರೆದ? ಬೇಸಗೆಯಲ್ಲಿ ಹಿಮ ಕರಗುತ್ತದೆ, ಆಗ ದಾಟಬಹುದು ಎಂದು ಅವನು ನಂಬಿದ್ದಿರಬೇಕು. ಆ ನಂಬಿಕೆ ಸುಳ್ಳಾಗಲೂ ಇಲ್ಲ. ಆದರೆ ತಾನು ಪಟ್ಟ ಪಾಡನ್ನು ಸಂಪಾದಕನಿಂದ ಮುಚ್ಚಿಟ್ಟು, ಅದೇ ಪಾಡನ್ನು ಇನ್ನೂ ನೂರು ಜನರಿಗೆ ಹಂಚಿದನೆಂಬುದೂ ಅಷ್ಟೇ ಸತ್ಯ.

1910ರ ಪಂದ್ಯದಲ್ಲಿ 110 ಮಂದಿ ಹೊರಟರು. ಕೈಲಾಗದವರನ್ನು ಹಿಂದಿನಿಂದ ಎತ್ತಿಕೊಂಡು ಬರುವುದಕ್ಕೆ ಒಂದು ವಾಹನ ಏರ್ಪಾಡಾದುದು ಆ ವರ್ಷವೇ. ಅದಕ್ಕೆ ಜನ 'ಕಸಬರಿಗೆಯ ಗಾಡಿ' ಎಂದು ಹೆಸರಿಟ್ಟರು. ಜುಲೈ 21ರ ಹಂತ ಲುಶೋಂ ಊರಿನಿಂದ ಬಾಯೋನ್ ಪಟ್ಟಣದವರೆಗೆ, 326 ಕಿಲೋಮೀಟರ್. ನಡುವೆ ಪೇರಸೂರ್ದ್, ಆಸ್ಪಾಂ, ತೂರ್ಮಲೇ, ಒಬಿಸ್ಕ್ ಎಂಬ ನಾಲ್ಕು ಮಹಾ ಘಟ್ಟಗಳು. ಬೆಳಗಿನ ಜಾವ ಮೂರೂವರೆಗೆ ಸವಾರರು ಹೊರಟರು. ಮೈಸರಿಯಿಲ್ಲವೆಂದು ದೆಗ್ರಾಂಜ್ ಅದಕ್ಕೆ ಮೊದಲೇ ಪ್ಯಾರಿಸಿಗೆ ಮರಳಿದ್ದ. ಉಸ್ತುವಾರಿ ಉಳಿದದ್ದು ಅವನ ಸಹಾಯಕ ವಿಕ್ತರ್ ಬ್ರೇಯೆಯ ಮೇಲೆ.

ತೂರ್ಮಲೇ ನೆತ್ತಿಯನ್ನು ಮೊದಲು ಮುಟ್ಟಿದವನು ಒಕ್ತಾವ್ ಲಾಪೀಜ್, 22 ವರ್ಷದ ಯುವಕ. ಅವನು ಒಮ್ಮೆ ತುಳಿದು, ಒಮ್ಮೆ ಇಳಿದು ಸೈಕಲ್ಲನ್ನು ತಳ್ಳುತ್ತ ಬಂದ. ಹಿಂದೆಯೇ ಬಂದ ಗುಸ್ತಾವ್ ಗಾರಿಗೂ ಎಂಬವನು ಒಮ್ಮೆಯೂ ನೆಲಕ್ಕೆ ಕಾಲಿಡದೆ ಹತ್ತಿದ. ಅದಕ್ಕಾಗಿ ಅವನಿಗೆ ನೂರು ಫ್ರಾಂಕುಗಳ ಬಹುಮಾನ ಸಿಕ್ಕಿತು.

ಮುಂದೆ ಒಬಿಸ್ಕ್ ಘಟ್ಟದ ಮೇಲೆ ಬ್ರೇಯೆ ಮತ್ತು ಸ್ಟೈನೆಸ್ ಕಾದು ನಿಂತಿದ್ದರು. ಎಷ್ಟು ಹೊತ್ತಾದರೂ ಒಬ್ಬನೂ ಇಲ್ಲ. ಕೊನೆಗೆ ಒಬ್ಬ ಬಂದ. ಹೆಸರಾಂತ ಸವಾರನಲ್ಲ, ಫ್ರಾನ್ಸ್ವಾ ಲಾಫೂರ್ಕಾದ್ ಎಂಬ ಅಪರಿಚಿತ. ಉಳಿದವರೆಲ್ಲಿ, ಏನಾಯಿತು ಎಂದು ಕೇಳಿದರೆ ಅವನಿಗೆ ಕೇಳಿಸಿದಂತೆಯೇ ಕಾಣಲಿಲ್ಲ. ಶೂನ್ಯದೃಷ್ಟಿಯಿಂದ ಸುಮ್ಮನೆ ಮುಂದೆ ಸಾಗಿದ. ಕಾಲು ಗಂಟೆ ಕಳೆದ ಮೇಲೆ ಲಾಪೀಜ್ ಕಾಣಿಸಿಕೊಂಡ. ಅವನು ಮಾತ್ರ ಸುಮ್ಮನೆ ಹೋಗಲಿಲ್ಲ. ಅಧಿಕಾರಿಗಳ ಮುಖ ನೋಡಿ, ನೀವು ಕೊಲೆಗಡುಕರು ಎಂದು ಕೂಗಿದ.

ಈ ಒಂದು ಮಾತು ಆ ಪಂದ್ಯದ ಚರಿತ್ರೆಯಲ್ಲಿ ಶಾಸನದಂತೆ ನಿಂತುಬಿಟ್ಟಿದೆ. ಸಾಹಿತ್ಯ ಪಾಠ ಹೇಳುವ ನನ್ನಂಥವರಿಗೆ ಶಾಸನ ಕಂಡೊಡನೆ ಪಾಠಾಂತರ ಹುಡುಕುವ ಚಾಳಿ. ಇಲ್ಲಿಯೂ ಪಾಠಾಂತರಗಳಿವೆ. ಕೆಲವರು ಈ ಮಾತನ್ನು ಒಬಿಸ್ಕ್ ಮೇಲೆ ಇಡುತ್ತಾರೆ, ಕೆಲವರು ತೂರ್ಮಲೇ ಮೇಲೆ. ಒಮ್ಮೆ ಕೂಗಿದ ಎನ್ನುವವರಿದ್ದಾರೆ, ಎರಡು ಸಲ ಒತ್ತಿ ಹೇಳಿದ ಎನ್ನುವವರಿದ್ದಾರೆ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಆ ಏಕಾಂತ ಘಟ್ಟದ ಮೇಲೆ ಸಾಕ್ಷಿಗೆ ನಿಂತಿದ್ದವರು ಯಾರು? ಪಂದ್ಯದವರೇ. ಆ ಮಾತನ್ನು ಲೋಕಕ್ಕೆ ತಿಳಿಸಿದವರೂ ಅವರೇ. ಕೊಲೆಗಡುಕರೆಂದು ಬೈಸಿಕೊಂಡವರು ಬೈಗುಳನ್ನು ಮುಚ್ಚಿಡದೆ ಹೆಮ್ಮೆಯಿಂದ ಹೇಳಿಕೊಂಡರು! ಮೊದಮೊದಲು ಇದು ನನಗೆ ಪ್ರಾಮಾಣಿಕತೆಯಾಗಿ ಕಂಡಿತು. ಯೋಚಿಸಿದರೆ ಅದರಲ್ಲಿ ವ್ಯಾಪಾರದ ಜಾಣತನವೂ ಇದೆ ಎನಿಸುತ್ತದೆ. ಸವಾರನ ಆ ಶಾಪಕ್ಕಿಂತ ದೊಡ್ಡ ಜಾಹೀರಾತು ಆ ಘಟ್ಟಕ್ಕೆ ಬೇರೊಂದು ಸಿಕ್ಕುತ್ತಿತ್ತೆ?

ಲಾಪೀಜ್ ಬೈದು ನಿಲ್ಲಲಿಲ್ಲ. ಮುಂದೆ ಹೋದವರನ್ನು ಹಿಡಿದು, ಹದಿನಾಲ್ಕು ಗಂಟೆ ಹತ್ತು ನಿಮಿಷಗಳ ಸವಾರಿಯ ಬಳಿಕ ಬಾಯೋನಿನಲ್ಲಿ ಗೆದ್ದ. ಆಗ ಪಂದ್ಯವನ್ನು ಕಾಲದ ಲೆಕ್ಕದಲ್ಲಿ ಅಳೆಯುತ್ತಿರಲಿಲ್ಲ, ಪ್ರತಿ ಹಂತದ ಸ್ಥಾನಕ್ಕೆ ಅಂಕವಿತ್ತು. ಹಿಂದಿನ ವರ್ಷದ ವಿಜೇತ ಫ್ರಾನ್ಸ್ವಾ ಫಾಬೆರನನ್ನು ಬರೀ ನಾಲ್ಕು ಅಂಕಗಳಿಂದ ಹಿಂದೆ ಹಾಕಿ ಲಾಪೀಜ್ ಇಡೀ ಪಂದ್ಯವನ್ನೂ ಗೆದ್ದುಕೊಂಡ. ಕಡೆಯವರೆಗೆ ಉಳಿದವರು 41 ಜನ. ಮರುವರ್ಷ ಆಲ್ಪ್ಸ್ ಪರ್ವತದ ಗಾಲಿಬಿಯೇ ಘಟ್ಟವೂ ದಾರಿಯಲ್ಲಿ ಸೇರಿತು. ಬೆಟ್ಟವಿಲ್ಲದ ತೂರ್ ದ ಫ್ರಾನ್ಸ್ ಮತ್ತೆ ನಡೆಯಲಿಲ್ಲ.

ತೂರ್ಮಲೇ ಇನ್ನೊಂದು ಕತೆಯನ್ನು 1913ರಲ್ಲಿ ಕೊಟ್ಟಿತು. ಯುಜೀನ್ ಕ್ರಿಸ್ತೋಫ್ ಎಂಬವನು ಘಟ್ಟ ದಾಟಿ ಇಳಿಯುತ್ತಿದ್ದ. ಆ ವರ್ಷ ಗೆಲ್ಲುವವರ ಪೈಕಿ ಅವನೂ ಒಬ್ಬ. ಇಳಿಜಾರಿನಲ್ಲಿ ಅವನ ಸೈಕಲ್ಲಿನ ಮುಂದಿನ ಕವಲು ಮುರಿಯಿತು. ಬೇರೆ ಸೈಕಲ್ ತೆಗೆದುಕೊಳ್ಳುವಂತಿಲ್ಲ, ರಿಪೇರಿಯಲ್ಲಿ ಇನ್ನೊಬ್ಬರ ನೆರವೂ ಸಲ್ಲದು, ನಿಯಮ ಹಾಗಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಸೇಂತ್ ಮಾರಿ ದ ಕಾಂಪಾಂ ಎಂಬ ಹಳ್ಳಿಯನ್ನು ಸೇರಿದ. ಪುಟ್ಟ ಹುಡುಗಿಯೊಬ್ಬಳು ಅವನಿಗೆ ಕಮ್ಮಾರನ ಕುಲುಮೆಯನ್ನು ತೋರಿಸಿದಳು. ಪುಣ್ಯಕ್ಕೆ ಕ್ರಿಸ್ತೋಫ್ ಹಿಂದೆ ಬೀಗದ ಕೆಲಸ ಕಲಿತವನು. ಕಮ್ಮಾರ ಬಾಯಲ್ಲಿ ಹೇಳಿದ, ಇವನು ಕೈಯಿಂದ ಮಾಡಿದ. ಪಂದ್ಯದ ಅಧಿಕಾರಿಗಳು ಬಾಗಿಲಲ್ಲಿ ನಿಂತು ಕಾವಲು ಕಾದರು. ತಿದಿಯೊತ್ತಲು ಎರಡು ಕೈ ಸಾಲದೆ ಒಬ್ಬ ಹುಡುಗನ ಸಹಾಯ ಪಡೆದುದಕ್ಕೆ ಹತ್ತು ನಿಮಿಷಗಳ ದಂಡ ಬಿತ್ತು; ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ಸುಮಾರು ನಾಲ್ಕು ಗಂಟೆ ಕಳೆದುಕೊಂಡವನಿಗೆ ಮೂರಾದರೇನು, ಹತ್ತಾದರೇನು? ಆ ವರ್ಷವೇ ಅಂಕದ ಪದ್ಧತಿ ಹೋಗಿ ಕಾಲದ ಲೆಕ್ಕ ಮರಳಿ ಬಂದಿತ್ತು. ಹೀಗಾಗಿ ಅವನ ಗೆಲುವಿನ ಆಸೆ ಆ ಕುಲುಮೆಯಲ್ಲಿಯೇ ಸುಟ್ಟುಹೋಯಿತು. ಆದರೂ ಅವನು ಪಂದ್ಯವನ್ನು ಬಿಡದೆ ಏಳನೆಯವನಾಗಿ ಮುಗಿಸಿದ. 1919ರಲ್ಲಿ, ಮುಂದಾಳು ಯಾರೆಂದು ಗುರುತಿಸುವುದಕ್ಕೆ 'ಲೋತೊ'ದ ಕಾಗದದ ಬಣ್ಣದ ಹಳದಿ ಅಂಗಿಯನ್ನು ಬಳಕೆಗೆ ತಂದಾಗ ಅದನ್ನು ಮೊದಲು ತೊಟ್ಟವನೂ ಕ್ರಿಸ್ತೋಫನೇ. ಆ ವರ್ಷವೂ ಕೊನೆಯ ಹಂತಗಳಲ್ಲಿ ಅವನ ಕವಲು ಮುರಿಯಿತು. ಅವನು ಒಮ್ಮೆಯೂ ಗೆಲ್ಲಲಿಲ್ಲ. ಗೆದ್ದ ಎಷ್ಟೋ ಮಂದಿಯ ಹೆಸರು ಮರೆತಿದೆ, ಅವನದು ಉಳಿದಿದೆ. ಆ ಹಳ್ಳಿಯಲ್ಲಿ ಇಂದು ಅವನ ಪ್ರತಿಮೆ ಇದೆ.

ಇಷ್ಟು ಓದಿದವರು, ಪರ್ವತವೆಂದರೆ ಹಾಗೆಯೇ, ಅದು ಕರುಣೆಯಿಲ್ಲದ್ದು ಎಂದಾರು. ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಒಂದು ಸಣ್ಣ ಸಂಗತಿ ನನ್ನ ಈ ಎಣಿಕೆಯನ್ನು ಕದಡಿತು. ಲಾಪೀಜ್ ತೂರ್ಮಲೇ ಮೇಲೆ ಸೈಕಲ್ಲು ತಳ್ಳಿದ್ದಕ್ಕೆ ಎಂಟು ವರ್ಷ ಮೊದಲು, 1902ರಲ್ಲಿ, ಫ್ರಾನ್ಸಿನ ಪ್ರವಾಸಿ ಸಂಘವೊಂದು ಅದೇ ಘಟ್ಟದ ಮೇಲೆ ಸೈಕಲ್ಲುಗಳ ಪರೀಕ್ಷೆ ನಡೆಸಿತ್ತು. ಗೇರು ಬದಲಿಸಬಲ್ಲ ಸೈಕಲ್ಲಿನ ಮೇಲೆ ಮಾರ್ತ್ ಎಸ್ಸ್ ಎಂಬ ಮಹಿಳೆ ಆಗ ಆ ಘಟ್ಟವನ್ನು ಹತ್ತಿದಳೆಂದೂ, ಒಂದೇ ಗೇರಿನ ಸೈಕಲ್ಲಿನ ಹೆಸರಾಂತ ಸವಾರನಿಗಿಂತ ಮೇಲಾದಳೆಂದೂ ಸೈಕಲ್ಲಿನ ಚರಿತ್ರೆ ಬರೆದವರು ಹೇಳುತ್ತಾರೆ. ಘಟ್ಟ ಹತ್ತಲು ತಕ್ಕ ಯಂತ್ರ ಆಗಲೇ ಇತ್ತು. ಅದನ್ನು ದೆಗ್ರಾಂಜನೂ ಬಲ್ಲ. ಆದರೆ ಅವನಿಗೆ ಅದು ಬೇಡ. ಗೇರು ವಯಸ್ಸಾದವರಿಗೆ ಸರಿ, ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು ಎಂಬುದು ಅವನ ವಾದ. ಆದುದರಿಂದ ತೂರ್ ದ ಫ್ರಾನ್ಸಿನ ಸವಾರ ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಹಲ್ಲುಗಾಲಿಗೆ ಸರಪಣಿ ಹಾಕಿ ಹತ್ತಬೇಕು. ನೆತ್ತಿಯಲ್ಲಿ ಮತ್ತೆ ಅದನ್ನೇ ಮಾಡಿ ಇಳಿಯಬೇಕು. ಗೇರು ಬದಲಿಸುವ ಸೌಕರ್ಯಕ್ಕೆ ಅಪ್ಪಣೆ ದೊರೆತದ್ದು 1937ರಲ್ಲಿ, ದೆಗ್ರಾಂಜ್ ಹಿಂದೆ ಸರಿದ ಮೇಲೆ.

ಎಂದರೆ, ಆ ಸವಾರರ ಕಷ್ಟದಲ್ಲಿ ಅರ್ಧಪಾಲು ಪರ್ವತದ್ದು. ಉಳಿದರ್ಧ ಪ್ಯಾರಿಸಿನ ಒಂದು ಮೇಜಿನ ಮೇಲೆ ಬರೆದ ನಿಯಮದ್ದು. ಕಲ್ಲು, ಹಿಮ, ಬಿಸಿಲುಗಳಿಗೆ ಉದ್ದೇಶವಿರುವುದಿಲ್ಲ. ನಿಯಮಕ್ಕೆ ಇರುತ್ತದೆ. ಲಾಪೀಜ್ ಬೆಟ್ಟವನ್ನು ಬೈಯಲಿಲ್ಲ, ಬೆಟ್ಟದ ಮೇಲೆ ಕೋಟು ತೊಟ್ಟು ನಿಂತಿದ್ದವರನ್ನು ಬೈದ. ಬಳಲಿಕೆಯಲ್ಲಿಯೂ ಅವನ ಬುದ್ಧಿ ಚುರುಕಾಗಿಯೇ ಇತ್ತು!

ಈ ಮಾತನ್ನು ಪಂದ್ಯದ ಹೊರಗಿನವರು ಕೇಳುವಂತೆ ಹೇಳಿದವನು ಆಲ್ಬೆರ್ ಲೋಂದ್ರ್ ಎಂಬ ಪತ್ರಕರ್ತ. 'ಲೋತೊ'ದವನಲ್ಲ, 'ಲ ಪ್ತಿ ಪಾರಿಸಿಯಾಂ' ಎಂಬ ಬೇರೆ ಪತ್ರಿಕೆಯವನು. ಗಯಾನಾದಲ್ಲಿದ್ದ ಫ್ರೆಂಚರ ಕೈದಿಗಳ ವಸಾಹತಿನ ಘೋರವನ್ನು 1923ರಲ್ಲಿ ಬಯಲಿಗೆಳೆದಿದ್ದವನು ಅವನೇ. 1924ರ ಪಂದ್ಯದಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಅಂರಿ ಪೆಲಿಸಿಯೆ ತನ್ನ ತಮ್ಮ ಮತ್ತು ಒಬ್ಬ ಸಂಗಡಿಗನೊಡನೆ ನಡುದಾರಿಯಲ್ಲಿ ಪಂದ್ಯ ಬಿಟ್ಟ. ಕಾರಣ ಕೇಳಿದರೆ ಅಂಗಿ! ಬೆಳಗಿನ ಚಳಿಗೆ ತೊಟ್ಟ ಎರಡನೆಯ ಅಂಗಿಯನ್ನು ಬಿಸಿಲೇರಿದ ಮೇಲೆ ಎಸೆಯಕೂಡದು, ತೊಟ್ಟುಹೊರಟದ್ದನ್ನೆಲ್ಲ ತೊಟ್ಟೇ ಮುಟ್ಟಬೇಕು ಎಂಬುದೊಂದು ನಿಯಮ. ಉಪಾಹಾರದ ಅಂಗಡಿಯಲ್ಲಿ ಕುಳಿತ ಸವಾರರು ಲೋಂದ್ರನ ಮುಂದೆ ತಮ್ಮ ಚೀಲಗಳನ್ನು ತೆರೆದರು. ಕಣ್ಣಿಗೆ ಕೊಕೇನು, ಒಸಡಿಗೆ ಕ್ಲೋರೊಫಾರಂ, ಬಗೆಬಗೆಯ ಗುಳಿಗೆ. ಆ ವರದಿಗಳಿಂದ 'ರಸ್ತೆಯ ಕೈದಿಗಳು' ಎಂಬ ಮಾತು ಫ್ರೆಂಚರ ನಾಲಗೆಯ ಮೇಲೆ ನಿಂತಿತು.

ಚೀಲದಲ್ಲಿದ್ದ ಆ ಗುಳಿಗೆಗಳು ಮುಂದೆಯೂ ಹೋಗಲಿಲ್ಲ. 1967ರ ಜುಲೈ 13ರಂದು ಮೋಂ ವಾಂತೂ ಬೆಟ್ಟದ ಬಿಸಿಲಿನಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದುಬಿದ್ದು ಸತ್ತ. ಅವನ ವಯಸ್ಸು 29. ಅವನ ದೇಹದಲ್ಲಿ ಉದ್ದೀಪಕ ಮದ್ದಿನ ಅಂಶವಿತ್ತು. ಲಾಪೀಜ್ 1910ರಲ್ಲಿ ಬಳಲಿಕೆಯಿಂದ ಆಡಿದ ಮಾತು ಐವತ್ತೇಳು ವರ್ಷಗಳ ಮೇಲೆ ಅಲಂಕಾರವಾಗಿ ಉಳಿಯಲಿಲ್ಲ.

ಹಾಗಾದರೆ ಇದೆಲ್ಲ ಬರಿಯ ಕ್ರೌರ್ಯವೆ? ಅಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಬಾಯಿ ಬಾರದು. ಹೊಗೆಗೂಡು ಗುಡಿಸುವವನು, ಬೀಗದ ಕೆಲಸದವನು, 1924ರಲ್ಲಿ ಗೆದ್ದ ಬೊತ್ತೆಕ್ಕಿಯಾನಂಥ ಗಾರೆಯವನು, ಇಂಥವರನ್ನು ಇಡೀ ದೇಶ ಬೀದಿಗೆ ಬಂದು ಕೂಗಿ ಕರೆದದ್ದು ಆ ಪಂದ್ಯದಿಂದ. ಅವರನ್ನು ಯಾರೂ ಕಟ್ಟಿ ಎಳೆತಂದಿರಲಿಲ್ಲ. ಕ್ರಿಸ್ತೋಫನನ್ನು ಕುಲುಮೆಯ ಮುಂದೆ ನಿಲ್ಲಿಸಿದ್ದು ನಿಯಮವೇ ಇರಬಹುದು. ಆದರೆ ಎಲ್ಲ ಆಸೆಯೂ ಸುಟ್ಟಮೇಲೆ ಅವನನ್ನು ಮತ್ತೆ ಸೈಕಲ್ಲು ಹತ್ತಿಸಿದ್ದು ಯಾವ ನಿಯಮ? ಅದು ಅವನದೇ. ದೆಗ್ರಾಂಜ್ ಬರೆಯಬಲ್ಲ, ಮಾರಬಲ್ಲ, ದಂಡ ಹಾಕಬಲ್ಲ. ಅದನ್ನು ಮಾತ್ರ ಅವನು ಮಾಡಲಾರ. ಸವಾರನ ಹಿರಿಮೆ ನಿಜವೆಂಬ ಕಾರಣಕ್ಕೆ ಅವನನ್ನು ಆ ಪಾಡಿಗೆ ನೂಕಿದವರ ಹೊಣೆ ಕಳೆಯುವುದಿಲ್ಲ. ಅವರು ಹೊಣೆಗಾರರೆಂಬ ಕಾರಣಕ್ಕೆ ಅವನ ಹಿರಿಮೆ ಕುಂದುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಓದಬೇಕಾದ ಚರಿತ್ರೆ ಇದು.

ಲಾಪೀಜನ ಕಡೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಅವನು ಆರು ಸಲ ಈ ಪಂದ್ಯಕ್ಕೆ ಇಳಿದ. ಕೊನೆಮುಟ್ಟಿಸಿದ್ದು ಗೆದ್ದ 1910ರ ಪಂದ್ಯವೊಂದನ್ನೇ. ಮಹಾಯುದ್ಧ ಬಂದಾಗ ವಿಮಾನ ಹಾರಿಸುವವನಾಗಿ ಸೇನೆ ಸೇರಿದ. 1917ರ ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ಹಬ್ಬದ ದಿನ, ಆಕಾಶದಲ್ಲಿ ನಡೆದ ಕಾಳಗದಲ್ಲಿ ಅವನ ವಿಮಾನ ಬಿತ್ತು. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ನಾಲ್ಕು ಅಂಕಗಳಿಂದ ಸೋತಿದ್ದ ಫಾಬೆರ್ 1915ರಲ್ಲಿಯೇ ಯುದ್ಧಭೂಮಿಯಲ್ಲಿ ಮಡಿದಿದ್ದ. ಕೊಲೆಗಡುಕರು ಎಂಬ ಮಾತಿಗೆ ಇನ್ನೂ ತಕ್ಕವರು ಪ್ಯಾರಿಸಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಮೇಜುಗಳ ಹಿಂದೆ ಕುಳಿತಿದ್ದರು. ಅವರಿಗೆ ಅದನ್ನು ಮುಖ ನೋಡಿ ಹೇಳುವ ಅವಕಾಶ ಇವರಿಬ್ಬರಿಗೂ ಸಿಗಲಿಲ್ಲ.

ತೂರ್ಮಲೇ ನೆತ್ತಿಯಲ್ಲಿ ಇಂದು ಒಬ್ಬ ಸವಾರನ ದೊಡ್ಡ ಲೋಹಪ್ರತಿಮೆ ಇದೆ. ಬಾಯಿ ತೆರೆದು, ಏದುತ್ತ, ತುಳಿಯುತ್ತಿರುವ ಪ್ರತಿಮೆ. ಜನ ಅದನ್ನು ಲಾಪೀಜ್ ಎಂದೇ ಗುರುತಿಸುತ್ತಾರೆ. ಚಳಿಗಾಲಕ್ಕೆ ಮೊದಲು ಅದನ್ನು ಕೆಳಕ್ಕೆ ತಂದಿಟ್ಟು, ಬೇಸಗೆ ಬಂದೊಡನೆ ಮತ್ತೆ ಮೇಲಕ್ಕೆ ಒಯ್ಯುತ್ತಾರೆ. ರಸ್ತೆಗೆ ಈಗ ಡಾಂಬರಿದೆ. 2023ರಲ್ಲಿ ಮಹಿಳೆಯರ ಪಂದ್ಯದ ಒಂದು ಹಂತ ಆ ನೆತ್ತಿಯಲ್ಲಿಯೇ ಮುಗಿಯಿತು. ಗೆದ್ದವಳು ಹಾಲೆಂಡಿನ ಡೆಮಿ ವೊಲೆರಿಂಗ್. ಮಾರ್ತ್ ಎಸ್ಸಳ ಸವಾರಿಗೆ ಅಂದಿಗೆ ನೂರ ಇಪ್ಪತ್ತೊಂದು ವರ್ಷ.

ಸ್ಟೈನೆಸನ ತಂತಿಯ ಮಾತು ಕೊನೆಗೂ ನಿಜವಾಗಿದೆ. ರಸ್ತೆ ಬಹಳ ಚೆನ್ನಾಗಿದೆ, ಧಾರಾಳವಾಗಿ ಸಂಚರಿಸಬಹುದು. ನುಣ್ಣಗೆ ಮಾಡಿದವರು ಯಾರೆಂಬುದನ್ನು ಮಾತ್ರ ಅಲ್ಲಿ ನಿಂತಾಗ ನೆನೆಯಬೇಕು.